ಕಾಣದ್ದನ್ನು ಬೆಳಕಿನಿಂದ ಕಂಡ ಸರ್ ಸಿ. ವಿ. ರಾಮನ್

ಬೆಳ್ಳಿಹಬ್ಬದ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡತಕ್ಕದ್ದು ಎಂದು ಸಭೆಯಲ್ಲಿ ತೀರ್ಮಾನವಾದಾಗ ಬಸವಣ್ಣನವರು, ಅಕ್ಕಮಹಾದೇವಿ, ಸರ್ ಎಂ. ವಿಶ್ವೇಶ್ವರಯ್ಯನವರು ಇವರನ್ನೆಲ್ಲ ಬೇರೆಯವರು ಆಗಲೇ ಹಿಡಿದುಕೊಂಡಿದ್ದರು. ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇರುವಾಗ ಅಕ್ಕನ ಬಗ್ಗೆ ಬರೆಯುವುದು ಸರಿಯಾದದ್ದೇ. ನಾವು ಸರ್ ಸಿ. ವಿ. ರಾಮನ್‌ರವರನ್ನು ಆರಿಸಿಕೊಂಡೆವು. ಹಾಲಿನ ಸಂಘಕ್ಕೂ ಆ ವಿಜ್ಞಾನಿಗೂ ಎತ್ತಣ ಸಂಬಂಧ ಅಂತ ಕಾರ್ಯದರ್ಶಿಗಳು ಕೇಳಿದರು. ಸಂಬಂಧ ಇದೆ, ಮೊದಲು ಅದನ್ನೇ ಹೇಳುತ್ತೇವೆ.

ಬೆಳಿಗ್ಗೆ ಡೈರಿ ಮುಂದೆ ಸಾಲು ನಿಂತಾಗ ಎಲ್ಲರ ಕ್ಯಾನಿನ ಹಾಲೂ ಬಿಳಿಯೇ. ಒಬ್ಬರಿಗೆ ಫ್ಯಾಟ್ 4.2 ಬಂದು ಪಕ್ಕದವರಿಗೆ 3.4 ಬಂದರೆ ಅಲ್ಲಿಗೆ ಶುರುವಾಯಿತು. ಹಿಂದೆ ಗಾಜಿನ ಬುಡ್ಡಿಗೆ ಆಸಿಡ್ ಹಾಕಿ, ತಿರುಗಿಸಿ, ಜಿಡ್ಡನ್ನು ಮೇಲೆ ತೇಲಿಸಿ ಅಳೆಯುವ ಕ್ರಮ ಇತ್ತು. ಜಿಡ್ಡು ಕಣ್ಣಿಗೆ ಕಾಣ್ತಿತ್ತು, ಜನ ನಂಬುತ್ತಿದ್ದರು. ಮಿಲ್ಕೋ ಟೆಸ್ಟರ್ ಎಂಬ ಪೆಟ್ಟಿಗೆ ಬಂದ ಮೇಲೆ ಕಾಣುವುದು ಬರೀ ಅಂಕಿ. ಪೆಟ್ಟಿಗೆ ಸುಳ್ಳು ಹೇಳ್ತದೆ, ಅದನ್ನು ಒತ್ತುವವನ ಕೈಚಳಕ ಅಂತ ಎಷ್ಟು ಮಾತು ಬಂದವು ಎಂಬುದು ಸದಸ್ಯರಿಗೆ ಗೊತ್ತೇ ಇದೆ.

ಆ ಪೆಟ್ಟಿಗೆಯೊಳಗೆ ಇರುವುದು ಒಂದು ದೀಪ, ಅದರ ಎದುರಿಗೆ ಬೆಳಕನ್ನು ಅಳೆಯುವ ಒಂದು ಯಂತ್ರದ ಕಣ್ಣು. ಹಾಲಿಗೆ ಒಂದು ದ್ರಾವಣ ಬೆರೆಸಿ ತೆಳ್ಳಗೆ ಮಾಡಿ, ಜಿಡ್ಡಿನ ಹನಿಗಳನ್ನು ಒಡೆದು ಒಂದೇ ಸಮ ಮಾಡಿ, ಎರಡರ ನಡುವೆ ಹಾಯಿಸುತ್ತಾರೆ. ಜಿಡ್ಡಿನ ಕಣಗಳು ಹೆಚ್ಚಿದ್ದಷ್ಟೂ ಬೆಳಕು ಅವಕ್ಕೆ ಬಡಿದು ಆಚೀಚೆ ಚದುರಿ ಹೋಗ್ತದೆ, ಎದುರಿನ ಕಣ್ಣಿಗೆ ಮುಟ್ಟುವುದು ಕಡಿಮೆಯಾಗ್ತದೆ. ಎಷ್ಟು ಚದುರಿತು ಎಂಬುದೇ ಫ್ಯಾಟ್‌ನ ಲೆಕ್ಕ. ಈಗ ಹಲವು ಸಂಘಗಳಲ್ಲಿ ಕಿವಿಗೆ ಕೇಳಿಸದ ಶಬ್ದದಿಂದ ಅಳೆಯುವ ಯಂತ್ರಗಳು ಬಂದಿವೆ, ದೊಡ್ಡ ಡೈರಿಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಅಳೆಯುವ ಯಂತ್ರಗಳಿವೆ. ಬೆಳಕು ಒಂದು ವಸ್ತುವಿಗೆ ಬಡಿದು ಚದುರಿದಾಗ ಆ ವಸ್ತುವಿನ ಒಳಗಿನ ಗುಟ್ಟನ್ನು ಹೊತ್ತು ತರ್ತದೆ ಎಂಬ ವಿಷಯದಲ್ಲಿ ಜೀವಮಾನವಿಡೀ ದುಡಿದವರು ರಾಮನ್‌ರವರು. ಟೆಸ್ಟರನ್ನು ಅವರು ಕಂಡುಹಿಡಿಯಲಿಲ್ಲ, ಅವರ ಹೆಸರಿನ ಪರಿಣಾಮವೂ ಅದರಲ್ಲಿ ಇಲ್ಲ. ಅವರು ಕಂಡದ್ದು ಇದಕ್ಕಿಂತ ಬಹಳ ಸೂಕ್ಷ್ಮವಾದದ್ದು.

ರಾಮನ್‌ರವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿ ಬಳಿ. ತಂದೆ ಚಂದ್ರಶೇಖರ ಅಯ್ಯರ್ ಉಪಾಧ್ಯಾಯರು, ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಕ್ಕಳಲ್ಲಿ ಇವರು ಎರಡನೆಯವರು. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಬಾಲ್ಯ ಅಲ್ಲೇ ಕಳೆಯಿತು. 11ನೇ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಪಾಸು. ನಾವು ಎಸ್ಸೆಸ್ಸೆಲ್ಸಿಗೆ ಹದಿನಾರು ವರ್ಷ ತೆಗೆದುಕೊಂಡವರು, ಇಂಥದ್ದನ್ನು ಓದಿದರೆ ಆಶ್ಚರ್ಯ ಆಗ್ತದೆ. 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ., ಭೌತಶಾಸ್ತ್ರಕ್ಕೆ ಚಿನ್ನದ ಪದಕ, 1907ರಲ್ಲಿ ಎಂ.ಎ. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಬರೆದ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಆಗಿನ ಕಾಲದಲ್ಲಿ ಇಂಥ ಹುಡುಗರು ಮುಂದೆ ಓದಲು ಇಂಗ್ಲೆಂಡಿಗೆ ಹೋಗುವ ರೂಢಿ. ಆದರೆ ಮೈ ಬಹಳ ಬಡಕಲು, ಅಲ್ಲಿಯ ಚಳಿ ತಡೆಯಲಾರ ಅಂತ ವೈದ್ಯರು ತಡೆದರು. ಹಾಗಾಗಿ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಕಟ್ಟಿ, ಮೊದಲನೆಯವರಾಗಿ ಪಾಸಾಗಿ, ಲೋಕಸುಂದರಿಯವರನ್ನು ಮದುವೆಯಾಗಿ, 1907ರಲ್ಲಿ ಕಲ್ಕತ್ತೆಗೆ ಲೆಕ್ಕಪತ್ರದ ಅಧಿಕಾರಿಯಾಗಿ ಹೋದರು. ಆಗ ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಒಳ್ಳೆ ಸಂಬಳ, ಗೌರವದ ನೌಕರಿ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲುತ್ತಿದ್ದರು.

ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು. ವಿಜ್ಞಾನ ಬೆಳೆಸಬೇಕೆಂದು ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ಮಹನೀಯರು 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಸರ್ಕಾರದ್ದಲ್ಲ, ಸಾರ್ವಜನಿಕರಿಂದ ವಂತಿಗೆ ಎತ್ತಿ ಕಟ್ಟಿದ್ದು. ಷೇರು ಹಣ ಕೂಡಿಸಿ ಸಂಘ ಕಟ್ಟುವ ಕಷ್ಟ ನಮಗೆ ಗೊತ್ತಿರುವುದರಿಂದ ಈ ಮಾತನ್ನು ಬಿಡಲು ಮನಸ್ಸಾಗಲಿಲ್ಲ. ಕಟ್ಟಡ ಇತ್ತು, ಉಪಕರಣ ಇದ್ದವು, ಕೆಲಸ ಮಾಡುವವರೇ ಇರಲಿಲ್ಲ. ಅಲ್ಲಿ ಬಾಗಿಲು ತೆರೆದ ಆಶುತೋಷ್ ಡೇ ಎಂಬವರು ಮುಂದೆ ಎಷ್ಟೋ ವರ್ಷ ರಾಮನ್‌ರವರ ಬಲಗೈಯಾಗಿದ್ದರು. ಇವರು ಕಾಲೇಜಿನಲ್ಲಿ ಓದಿದವರಲ್ಲ, ಆದರೂ ಉಪಕರಣ ಜೋಡಿಸುವುದರಲ್ಲಿ ನಿಸ್ಸೀಮರು.

ಅಲ್ಲಿಂದ ಮುಂದೆ ಬೆಳಗಿನ ಜಾವ ಪ್ರಯೋಗಶಾಲೆ, ಹಗಲೆಲ್ಲ ಆಫೀಸು, ಸಾಯಂಕಾಲ ಮತ್ತೆ ಪ್ರಯೋಗಶಾಲೆ, ಮನೆಗೆ ಬರುವುದು ರಾತ್ರಿ. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾಗಿ 1911ರಲ್ಲಿ ಮತ್ತೆ ಕಲ್ಕತ್ತೆಗೆ ಬಂದರು. ಹತ್ತು ವರ್ಷ ಹೀಗೇ ನಡೆಯಿತು. ವೀಣೆ, ಮೃದಂಗ, ಪಿಟೀಲು ಇವುಗಳ ನಾದ ಹೇಗೆ ಹುಟ್ಟುತ್ತದೆ ಎಂಬುದನ್ನೂ ಶೋಧಿಸಿದರು. ಮೃದಂಗದ ನಡುವೆ ಮೆತ್ತುವ ಕರಣೆಯಿಂದಲೇ ಆ ನಾದಕ್ಕೆ ಇಂಪು ಬರ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹುದ್ದೆಗಾಗಿ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟರು. ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಮನೆಯವರು ಏನೆಂದರೋ, ಲೋಕಸುಂದರಿಯಮ್ಮನವರು ಮಾತ್ರ ಕಡೆಯವರೆಗೂ ಜೊತೆಗೆ ನಿಂತರು.

1921ರಲ್ಲಿ ಸಭೆಯೊಂದಕ್ಕಾಗಿ ಮೊದಲ ಸಲ ಇಂಗ್ಲೆಂಡಿಗೆ ಹೋದರು. ನರ್ಕುಂಡಾ ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಬಣ್ಣ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರ ನೀಲಿ ಕಾಣುವುದು ಆಕಾಶದ ನೆರಳು ಬಿದ್ದು ಎಂದು ರ‍್ಯಾಲೆ ಎಂಬ ದೊಡ್ಡ ವಿಜ್ಞಾನಿ ಹೇಳಿದ್ದರು. ಅಂಜನಾಪುರದ ಜಲಾಶಯದ ಏರಿ ಮೇಲೆ ನಿಂತು ನೋಡಿದರೆ ನಮಗೂ ಹಾಗೇ ಅನಿಸ್ತದೆ, ಮೋಡವಿದ್ದ ದಿನ ನೀರೂ ಬೂದಿ, ಬಿಸಿಲಿದ್ದ ದಿನ ನೀರೂ ನೀಲಿ. ರಾಮನ್‌ರವರ ಬಳಿ ನಿಕೋಲ್ ಪಟ್ಟಕ ಎಂಬ ಒಂದು ಸಣ್ಣ ಹರಳು ಇತ್ತು. ಒಂದು ಕೋನದಲ್ಲಿ ಹಿಡಿದರೆ ಅದು ನೀರಿನ ಮೇಲಿನ ಪ್ರತಿಬಿಂಬವನ್ನು ತಡೆದುಬಿಡ್ತದೆ. ಹಿಡಿದು ನೋಡಿದರು. ಆಕಾಶದ ನೆರಳು ಹೋಯಿತು, ಸಮುದ್ರದ ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದಾಯಿತು. ನೀರು ಕೆಂಪು ಬಣ್ಣವನ್ನು ಹೀರಿಕೊಳ್ಳುವುದೂ ಈ ನೀಲಿಗೆ ಕಾರಣ ಎಂದು ಈಗ ತಿಳಿದಿದೆ. ಆದರೆ ದೊಡ್ಡವರು ಹೇಳಿದ್ದನ್ನು ಜೇಬಿನಲ್ಲಿದ್ದ ಹರಳಿನಿಂದ ಪರೀಕ್ಷೆ ಮಾಡಿ ನೋಡಿದ್ದು ಇದೆಯಲ್ಲ, ನಮಗೆ ಅದೇ ದೊಡ್ಡದಾಗಿ ಕಾಣ್ತದೆ.

ಮನೆಯಲ್ಲೇ ಇದರ ಒಂದು ರುಚಿ ನೋಡಬಹುದು. ಗಾಜಿನ ಲೋಟದ ತುಂಬ ನೀರು ಹಾಕಿ ಎರಡು ಮೂರು ತೊಟ್ಟು ಹಾಲು ಬಿಟ್ಟು ಕಲಕಿ, ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಬಿಡಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ, ಬ್ಯಾಟರಿಗೆ ಎದುರಾಗಿ ಲೋಟದ ಮೂಲಕ ನೋಡಿದರೆ ಬೆಳಕು ಹಳದಿ, ಕೆಂಪು. ಸಣ್ಣ ಕಣಗಳು ನೀಲಿ ಬಣ್ಣವನ್ನು ಹೆಚ್ಚು ಚದುರಿಸುತ್ತವೆ, ಉಳಿದದ್ದು ನೇರ ಹೋಗ್ತದೆ. ಆಕಾಶ ನೀಲಿ, ಸಂಜೆ ಸೂರ್ಯ ಕೆಂಪು ಆಗುವುದೂ ಇದೇ ಲೆಕ್ಕ. ನೀರು ಬೆರೆತ ಹಾಲು ನೀಲಿಗಟ್ಟಿದೆ ಅಂತ ನಮ್ಮ ಹೆಂಗಸರು ಒಂದೇ ನೋಟಕ್ಕೆ ಹೇಳುವುದು ಸುಮ್ಮನೆ ಅಲ್ಲ.

ಕಲ್ಕತ್ತೆಗೆ ಬಂದವರೇ ಈ ವಿಷಯದ ಬೆನ್ನು ಹತ್ತಿದರು. ಶಿಷ್ಯರನ್ನು ಕಟ್ಟಿಕೊಂಡು ಏಳು ವರ್ಷ ನೀರು, ಬೇರೆ ಬೇರೆ ದ್ರವ, ಮಂಜುಗಡ್ಡೆ, ಹರಳು ಎಲ್ಲದರ ಮೇಲೂ ಬೆಳಕು ಬಿಟ್ಟು ನೋಡಿದರು. ದ್ರವದಲ್ಲಿ ಒಂದು ಧೂಳಿನ ಕಣ ಇದ್ದರೂ ಅದೇ ಅಣುಗಳಿಗಿಂತ ಹೆಚ್ಚು ಬೆಳಕು ಚದುರಿಸಿ ಪ್ರಯೋಗ ಕೆಡಿಸುತ್ತದೆ. ಆದ್ದರಿಂದ ಪ್ರತಿ ದ್ರವವನ್ನೂ ಗಾಳಿ ತೆಗೆದ ಪಾತ್ರೆಯಲ್ಲಿ ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧ ಮಾಡಬೇಕಿತ್ತು. ಕ್ಯಾನು ತೊಳೆಯಿರಿ, ಸ್ಯಾಂಪಲ್ ಬಾಟಲಿ ಒಣಗಿಸಿ ಎಂದರೆ ಬೇಸರ ಮಾಡಿಕೊಳ್ಳುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಚದುರಿದ ಬೆಳಕಿನ ಜೊತೆ ಬೇರೆ ಬಣ್ಣದ ಒಂದು ಕ್ಷೀಣವಾದ ಬೆಳಕು ಬರುತ್ತಿರುವುದನ್ನು 1923ರಲ್ಲೇ ಶಿಷ್ಯ ಕೆ. ಆರ್. ರಾಮನಾಥನ್ ಕಂಡಿದ್ದರು. ದ್ರವದ ಕೊಳೆಯಿಂದ ಇರಬೇಕು ಎಂದು ಮೊದಲು ಭಾವಿಸಿದರು, ಎಷ್ಟು ಶುದ್ಧ ಮಾಡಿದರೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಎಂಬ ಶಿಷ್ಯರನ್ನು ಈ ಕೆಲಸಕ್ಕೇ ಕೂರಿಸಿದರು. ಬಿಸಿಲನ್ನು ಕನ್ನಡಿಯಿಂದ ಒಳಗೆ ತಿರುಗಿಸಿ, ದುರ್ಬೀನಿನ ದೊಡ್ಡ ಮಸೂರದಿಂದ ಒಟ್ಟುಗೂಡಿಸಿ, ಬಣ್ಣದ ಗಾಜಿನಿಂದ ಸೋಸಿ, ದ್ರವದ ಬುಡ್ಡಿಯ ಮೇಲೆ ಬಿಡುವುದು. ಹೊರಬರುವ ಬೆಳಕನ್ನು ಇನ್ನೊಂದು ಬಣ್ಣದ ಗಾಜಿನಲ್ಲಿ ನೋಡುವುದು. ಸುಮಾರು ಅರವತ್ತು ದ್ರವಗಳಲ್ಲಿ ಅದೇ ಹೊಸ ಬೆಳಕು ಕಂಡಿತು. ಫೆಬ್ರವರಿ 28ರಂದು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತದರ್ಶಕದಲ್ಲಿ ನೋಡಿದಾಗ, ಒಳಗೆ ಬಿಟ್ಟ ಬಣ್ಣದ ಪಟ್ಟಿಯ ಪಕ್ಕದಲ್ಲಿ, ನಡುವೆ ಕತ್ತಲೆಯ ಸಂದು ಬಿಟ್ಟು, ಬೇರೆ ಬಣ್ಣದ ಪಟ್ಟಿ ಸ್ಪಷ್ಟವಾಗಿ ನಿಂತಿತ್ತು. ಇದಕ್ಕೆಲ್ಲ ಆದ ಖರ್ಚು ಇನ್ನೂರು ರೂಪಾಯಿ ಎಂದು ಹೇಳುವುದುಂಟು.

ಏನಿದು? ನಮಗೆ ತಿಳಿದಂತೆ ಸಂತೆಯ ಭಾಷೆಯಲ್ಲಿ ಹೇಳುತ್ತೇವೆ. ಬೆಳಕು ಜೇಬಿನಲ್ಲಿ ಇಂತಿಷ್ಟು ಶಕ್ತಿ ಇಟ್ಟುಕೊಂಡು ಬರ್ತದೆ, ಅದರ ಬಣ್ಣವೇ ಆ ಶಕ್ತಿಯ ಲೆಕ್ಕ. ಅಣುವಿಗೆ ಬಡಿದು ಹೋಗುವಾಗ ಬಹುಪಾಲು ಬೆಳಕು ತಂದಷ್ಟನ್ನೇ ತೆಗೆದುಕೊಂಡು ಹೋಗ್ತದೆ. ಆದರೆ ಹತ್ತು ಲಕ್ಷಕ್ಕೋ ಕೋಟಿಗೋ ಒಂದು ಸಲ ಅಣು ಅದರಿಂದ ಸ್ವಲ್ಪ ಕಮಿಷನ್ ಹಿಡಿದುಕೊಂಡು ತಾನು ಅದುರುತ್ತದೆ. ಬೆಳಕು ಕಡಿಮೆ ಶಕ್ತಿಯಿಂದ, ಅಂದರೆ ಬೇರೆ ಬಣ್ಣದಿಂದ, ಹೊರಗೆ ಬರ್ತದೆ. ಇನ್ನೂ ಅಪರೂಪಕ್ಕೆ ಆಗಲೇ ಅದುರುತ್ತಿದ್ದ ಅಣು ತನ್ನದನ್ನೇ ಕೊಟ್ಟು ಕಳಿಸುವುದೂ ಉಂಟು, ದಲ್ಲಾಳಿಗಳಲ್ಲಿ ಅದನ್ನು ನಾವು ಕಂಡಿಲ್ಲ. ಒಂದೊಂದು ಜಾತಿಯ ಅಣುವಿನ ಕಮಿಷನ್ ದರಗಳು ಒಂದೊಂದು ಥರ, ಅವು ಎಂದೂ ಬದಲಾಗುವುದಿಲ್ಲ. ಆದ್ದರಿಂದ ಕಡಿತ ಎಷ್ಟೆಂದು ಅಳೆದರೆ ಹಿಡಿದುಕೊಂಡವರು ಯಾರೆಂದು ತಿಳಿಯುತ್ತದೆ. ಯಾವ ಕಣ್ಣಿಗೂ ಕಾಣದ ಅಣುವಿನ ಗುರುತು ಬೆಳಕಿನಲ್ಲಿ ಬಂದುಬಿಟ್ಟಿತು. ಇದೇ ರಾಮನ್ ಪರಿಣಾಮ.

ಇದನ್ನು ವಿದ್ವಾಂಸರ ಸಭೆಗೆ ವಿವರವಾಗಿ ಹೇಳಿದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಇಬ್ಬರು ವಿಜ್ಞಾನಿಗಳು ಹರಳುಗಳಲ್ಲಿ ಇದನ್ನೇ ಕಂಡಿದ್ದರು, ಆದರೆ ಲೋಕಕ್ಕೆ ಮೊದಲು ತಿಳಿಸಿದವರು ರಾಮನ್‌ರವರು. 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್ ಬಹುಮಾನ. ವಿಜ್ಞಾನಕ್ಕೆ ಆ ಬಹುಮಾನ ಪಡೆದ ಮೊದಲ ಏಷ್ಯಾದವರು ಇವರೇ. ಬಹುಮಾನ ಬಂದೇ ಬರ್ತದೆಂದು ಘೋಷಣೆಗೆ ಮುಂಚೆಯೇ ಹಡಗಿನ ಟಿಕೆಟ್ ಮಾಡಿಸಿದ್ದರಂತೆ, ಅಷ್ಟು ಧೈರ್ಯ. ಬಹುಮಾನ ರಾಮನ್‌ರವರೊಬ್ಬರಿಗೇ ಬಂತು. ಕೃಷ್ಣನ್‌ರವರಿಗೆ ಸಲ್ಲಬೇಕಾದಷ್ಟು ಸಂದಿತೋ ಇಲ್ಲವೋ ಎಂಬ ಚರ್ಚೆ ಇಂದಿಗೂ ಇದೆ. ಬುಡ್ಡಿಯ ಮುಂದೆ ದಿನಗಟ್ಟಲೆ ಕಣ್ಣು ನೋಯಿಸಿಕೊಂಡವರ ಹೆಸರು ನಮ್ಮೂರ ಶಾಲೆಯ ಗೋಡೆಯ ಮೇಲೂ ಇರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

1960ರಲ್ಲಿ ಲೇಸರ್ ಬೆಳಕು ಬಂದ ಮೇಲೆ ಈ ಪರಿಣಾಮದ ಬೆಲೆ ಎಷ್ಟೋ ಪಟ್ಟು ಹೆಚ್ಚಿತು. ಈಗ ಕೈಯಲ್ಲಿ ಹಿಡಿಯುವಷ್ಟು ಸಣ್ಣ ರಾಮನ್ ಯಂತ್ರಗಳಿವೆ. ಪ್ಲಾಸ್ಟಿಕ್ ಕವರು ಬಿಚ್ಚದೆ ಒಳಗಿನ ಪುಡಿ ಔಷಧವೋ ಮಾದಕ ವಸ್ತುವೋ ಹೇಳ್ತವೆ. ಔಷಧ ಕಾರ್ಖಾನೆಗಳಲ್ಲಿ ಬಂದ ಸರಕು ಅಸಲಿಯೇ ಎಂದು ನೋಡುವುದು, ವಜ್ರ ನಿಜವೋ ಗಾಜೋ ಎಂದು ತಿಳಿಯುವುದು ಇದರಿಂದ ಆಗ್ತದೆ. ಹಾಲಿಗೆ ಬೆರೆಸಿದ ಯೂರಿಯಾ ಪತ್ತೆ ಮಾಡುವುದಕ್ಕೂ ವಿಜ್ಞಾನಿಗಳು ಇದನ್ನು ಬಳಸಿ ನೋಡಿದ್ದಾರೆ. 2021ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ಗಾಡಿಯಲ್ಲೂ ಅಲ್ಲಿಯ ಕಲ್ಲು ಪರೀಕ್ಷಿಸಲು ರಾಮನ್ ಉಪಕರಣ ಇದೆ.

1933ರಲ್ಲಿ ರಾಮನ್‌ರವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು. ಅಲ್ಲಿಂದ ಸಾಯುವವರೆಗೂ ಮೂವತ್ತೇಳು ವರ್ಷ ಕರ್ನಾಟಕದಲ್ಲೇ ಇದ್ದರು. ಕೇಳದ ಶಬ್ದದ ಅಲೆಗಳ ಮೂಲಕ ಬೆಳಕು ಹಾಯುವಾಗ ಏನಾಗ್ತದೆ ಎಂಬ ಸಿದ್ಧಾಂತವನ್ನು ನಾಗೇಂದ್ರನಾಥ್‌ರವರ ಜೊತೆ ಇಲ್ಲೇ ಮಾಡಿದರು. ಆದರೆ ಸ್ವಭಾವ ಖಾರ, ಮಾತು ನೇರ, ತಾನು ಹೇಳಿದ್ದೇ ಆಗಬೇಕು. ಆಡಳಿತ ಮಂಡಳಿಗೂ ಅವರಿಗೂ ತಿಕ್ಕಾಟ ಬೆಳೆದು 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು ಬರೀ ಪ್ರಾಧ್ಯಾಪಕರಾಗಿ ಉಳಿದರು. ಮಂಡಳಿ ಸಭೆಯ ಗಲಾಟೆ ನಮ್ಮ ಸಂಘದಲ್ಲಿ ಮಾತ್ರ ಎಂದು ತಿಳಿದವರಿಗೆ ಇದೊಂದು ಸಮಾಧಾನ.

ಇಲ್ಲಿ ಒಂದು ಸಂಗತಿ ಹೇಳದೆ ಬಿಟ್ಟರೆ ತಪ್ಪಾಗ್ತದೆ. 1933ರಲ್ಲಿ ಬೊಂಬಾಯಿಯ ಕಮಲಾ ಭಾಗವತ್ ಎಂಬ ಹುಡುಗಿ ಬಿ.ಎಸ್ಸಿ.ಯಲ್ಲಿ ಮೊದಲನೆಯವಳಾಗಿ ಪಾಸಾಗಿ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದಳು. ಹೆಣ್ಣೆಂಬ ಕಾರಣಕ್ಕೆ ರಾಮನ್‌ರವರು ಅರ್ಜಿ ತಳ್ಳಿಹಾಕಿದರು. ಆಕೆ ಬೆಂಗಳೂರಿಗೇ ಬಂದು, ಕಾರಣ ಕೊಡಿ ಎಂದು ಪಟ್ಟು ಹಿಡಿದು ಕೂತರು. ಕಡೆಗೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು, ಗಂಡಸರ ಕೆಲಸಕ್ಕೆ ತೊಂದರೆ ಆಗಬಾರದೆಂಬ ಷರತ್ತೂ ಇತ್ತು. ಆಕೆ ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ದುಡಿದದ್ದು ಯಾವುದರ ಮೇಲೆ ಗೊತ್ತೇ? ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನಿನ ಮೇಲೆ. ವರ್ಷ ಕಳೆಯುವಷ್ಟರಲ್ಲಿ ರಾಮನ್‌ರವರು ಕೆಲಸ ನೋಡಿ ಒಪ್ಪಿ, ಮುಂದೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು. ಕಮಲಾರವರು 1939ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದರು, ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದರು. ಆದರೆ ಅಂದಿನ ಅವಮಾನವನ್ನು ಕೊನೆಯವರೆಗೂ ಮರೆಯಲಿಲ್ಲ. ನೀರಿನ ಅಣುವನ್ನು ಕಂಡ ಕಣ್ಣಿಗೆ ಎದುರು ನಿಂತ ಹುಡುಗಿಯ ಯೋಗ್ಯತೆ ಕಾಣಲು ಒಂದು ವರ್ಷ ಬೇಕಾಯಿತು. ನಮ್ಮ ಸಂಘದಲ್ಲೂ ಹುಲ್ಲು ತರುವುದು, ಹಾಲು ಕರೆಯುವುದು, ಡೈರಿಗೆ ಹಾಕುವುದು ಹೆಂಗಸರು. ಪಾಸ್ ಪುಸ್ತಕ ಗಂಡಸರ ಹೆಸರಲ್ಲಿ, ಮಹಾಸಭೆಯಲ್ಲಿ ಮುಂದಿನ ಕುರ್ಚಿಯೂ ಗಂಡಸರಿಗೆ. ಇದನ್ನು ಓದುವ ನಿರ್ದೇಶಕ ಮಿತ್ರರು ಬೇಸರಪಡಬಾರದು, ನಾವೂ ಅದೇ ಕುರ್ಚಿಯಲ್ಲಿ ಕೂರುವವರೇ.

ಮೈಸೂರು ಸರ್ಕಾರ 1934ರಲ್ಲಿ ಕೊಟ್ಟ ಜಾಗದಲ್ಲಿ ರಾಮನ್‌ರವರು 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಅದಕ್ಕಾಗಿ ಸ್ವತಃ ಊರೂರು ತಿರುಗಿ ಹಣ ಎತ್ತಿದರು, ತಮ್ಮದನ್ನೂ ಹಾಕಿದರು. ಸರ್ಕಾರದ ಹಣ ತೆಗೆದುಕೊಂಡರೆ ಸರ್ಕಾರದ ಅಂಕೆಯಲ್ಲಿರಬೇಕಾಗ್ತದೆ ಎಂದು ಅದರಿಂದ ದೂರ ನಿಂತರು. ಆರಂಭದಲ್ಲಿ ಕಟ್ಟಡಕ್ಕೆ ಕರೆಂಟೂ ಇರಲಿಲ್ಲ, ಕಿಟಕಿಯಿಂದ ಬರುವ ಬಿಸಿಲಿನ ಕೋಲು, ಕೈಯಲ್ಲೊಂದು ಮಸೂರ, ಇಷ್ಟರಲ್ಲೇ ಕೆಲಸ. ವಜ್ರ, ಚಿಪ್ಪು, ಹೂವಿನ ಬಣ್ಣ ಇವುಗಳನ್ನು ಕಡೆಗಾಲದವರೆಗೂ ನೋಡುತ್ತಲೇ ಇದ್ದರು. ಸುತ್ತ ಗುಲಾಬಿ, ನೀಲಗಿರಿ ಮರಗಳನ್ನು ಬೆಳೆಸಿದರು. 1954ರಲ್ಲಿ ಭಾರತರತ್ನ ಬಂತು. ಗಾಂಧಿ ಜಯಂತಿಯ ದಿನ ಅಲ್ಲಿ ಉಪನ್ಯಾಸ ಕೊಡುತ್ತಿದ್ದರು. 1970ರ ಅಕ್ಟೋಬರ್ 2ರಂದು ಕೊಟ್ಟದ್ದೇ ಕೊನೆಯದು, ಆಗ ಎಂಬತ್ತೆರಡು ತುಂಬಲು ಒಂದು ತಿಂಗಳಿತ್ತು.

ಸ್ವಲ್ಪ ದಿನದಲ್ಲೇ ಹೃದಯದ ತೊಂದರೆಯಿಂದ ಬಿದ್ದರು. ಆಸ್ಪತ್ರೆಯಲ್ಲಿ ಇರಲು ಒಪ್ಪದೆ ತಮ್ಮ ಸಂಸ್ಥೆಗೇ ಮರಳಿದರು. ನವೆಂಬರ್ 21ರ ಬೆಳಿಗ್ಗೆ ತೀರಿಕೊಂಡರು. ಅವರ ಇಚ್ಛೆಯಂತೆ ಯಾವ ವಿಧಿಯೂ ಇಲ್ಲದೆ ಸಂಸ್ಥೆಯ ತೋಟದಲ್ಲೇ ದಹನ ಮಾಡಿದರು. ಸಮಾಧಿ ಕಟ್ಟಲಿಲ್ಲ, ಆ ಜಾಗದಲ್ಲಿ ಒಂದು ಮರ ನೆಟ್ಟರು. ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರ, ಸದಾಶಿವನಗರದಲ್ಲಿ, ಆ ತೋಟ ಈಗಲೂ ಇದೆ.